ಬಸಲಿಂಗಮ್ಮನ ಬೋಗುಣಿ

ಹಂಪಮ್ಮನ ಮನೆಯಲ್ಲಿ ಸೀರೆಗೆ ಸಾವು ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ. ಉಟ್ಟು ಉಟ್ಟು ಸೆರಗು ಹರಿದರೆ ಅದು ಲಂಗವಾಗುತ್ತಿತ್ತು, ಲಂಗ ಹರಿದರೆ ಕೂಸಿನ ಕುಲಾಯಿ, ಕುಲಾಯಿ ಹೋದರೆ ಕೌದಿಯ ತುಂಡು, ಕೌದಿಯೂ ಹರಿದರೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ಕಡೆಗೆ ಅದೂ ಆಗದಾದಾಗ ಕರೆಂಟು ಹೋದ ಸಂಜೆಗೆ ಚಿಮಣಿಯ ಬತ್ತಿ. ಸವೆದ ಸಾಬೂನಿನ ಚೂರುಗಳು ಒಂದಕ್ಕೊಂದು ಅಂಟಿ ಮತ್ತೆ ಸಾಬೂನಾಗುತ್ತಿದ್ದವು. ಹಾಲಿನ ಪ್ಯಾಕೆಟ್ಟುಗಳು ಮೈ ತೊಳೆದುಕೊಂಡು ಹಗ್ಗದ ಮೇಲೆ ಒಣಗುತ್ತಿದ್ದವು. ಎಣ್ಣೆ ಡಬ್ಬಿ ಬರಿದಾದರೆ ಬಿಸಿಲಿಗೆ ಬೋರಲು ಬೀಳುತ್ತಿತ್ತು. ಕಡೆಯ ಹನಿ ಇಳಿದ ಮೇಲೆ ಒಳಗೊಂದು ಹಿಡಿ ಹಿಟ್ಟು ಹಾಕಿ ಅಲುಗಿಸಿ, ಆ ಹಿಟ್ಟನ್ನೂ ರೊಟ್ಟಿಗೆ ಕಲಸುತ್ತಿದ್ದಳು. ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಸೀಳಿ ಎರಡು ಮಾಡುವುದನ್ನು ಮಾತ್ರ ಸೊಸೆ ಗಂಗಾ ಬಿಡಿಸಿದ್ದಳು, ಅದೂ ಅತ್ತೆಯ ಹೆಬ್ಬೆರಳು ಸೀಳಿದ ಮೇಲೆ.

ಇದನ್ನೆಲ್ಲ ಹಂಪಮ್ಮ ಕಲಿತದ್ದು ತನ್ನ ಅತ್ತೆ ಬಸಲಿಂಗಮ್ಮನಿಂದ. ಬಸಲಿಂಗಮ್ಮ ನಿಜಾಮನ ಆಳಿಕೆಯಲ್ಲಿ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಹುಮನಾಬಾದ್ ಕಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದವಳು. ಜ್ವರ ಬಂದು ಅರ್ಧ ಊರಿಗೆ ಬೀಗ ಬಿದ್ದಿದ್ದ ಕಾಲ ಅದು. ಒಲೆಯ ಕೆಂಡವನ್ನು ಬೂದಿಯಲ್ಲಿ ಹೂತಿಟ್ಟು, ಬೆಳಗ್ಗೆ ಅದರಿಂದಲೇ ಒಲೆ ಹೊತ್ತಿಸಿ, ತಿಂಗಳುಗಟ್ಟಲೆ ಬೆಂಕಿಪೆಟ್ಟಿಗೆಯ ಮುಖ ಕಾಣದೆ ಸಂಸಾರ ಮಾಡಿದ ಹೆಂಗಸು. ಅವಳು ತಾಯಿಮನೆಯಿಂದ ತಂದಿದ್ದ ಸಾಮಾನುಗಳಲ್ಲಿ ಕಂಚಿನ ಗಂಗಾಳಗಳು ಮನೆ ಭಾಗವಾಗುವಾಗ ಮೈದುನರ ಪಾಲಾದವು. ತಾಮ್ರದ ಹಂಡೆ ಯಾರದೋ ಮದುವೆಗೆ ಹೋದದ್ದು ಬರಲಿಲ್ಲ. ಹಂಪಮ್ಮನಿಗೆ ಉಳಿದದ್ದು ಒಂದು ಹಿತ್ತಾಳೆ ಬೋಗುಣಿ. ದಪ್ಪ ತಳ, ಅಗಲ ಬಾಯಿ, ಕಂಠದ ಮೇಲೆ ಸುತ್ತಲೂ ಜೋಳದ ತೆನೆಯ ಕೆತ್ತನೆ. ಮಗ ಕಾಶಿನಾಥ ಕಟ್ಟಡದ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬಂದಾಗ ಹಂಪಮ್ಮ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು. ಮಗ ಹಾಸಿಗೆ ಮರೆತಿದ್ದ, ತಾಯಿ ಬೋಗುಣಿ ಮರೆಯಲಿಲ್ಲ.

ಈಗ ಅವರಿದ್ದದ್ದು ಜೀಡಿಮೆಟ್ಲಾದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಬಸ್ತಿಯಲ್ಲಿ, ಎರಡು ಕೋಣೆಯ ತಗಡಿನ ಮನೆಯಲ್ಲಿ. ಕಾಶಿನಾಥ ಬೆಳಗಾಗುವ ಮುಂಚೆ ಲಾರಿ ಹತ್ತಿ ಮಾಧಾಪುರದ ಕಡೆ ಹೋಗುತ್ತಿದ್ದ. ಅಲ್ಲಿ ಗಾಜಿನ ಗೋಡೆಯ ಕಂಪ್ಯೂಟರ್ ಆಫೀಸುಗಳು ಮಳೆಗಾಲದ ಅಣಬೆಯ ಹಾಗೆ ಏಳುತ್ತಿದ್ದ ಕಾಲ. ಆ ಆಫೀಸುಗಳು ಹೊಸ ಕಂಪ್ಯೂಟರ್ ತಂದಾಗ ಹಳೆಯವನ್ನು ಹೊರಗೆಸೆಯುತ್ತಿದ್ದವು. ಎಸೆದದ್ದು ಸುತ್ತಿ ಬಳಸಿ ಬಸ್ತಿಯ ಆಚೆ ತುದಿಯ ಗುಜರಿ ಶೆಡ್ಡಿಗೆ ಬರುತ್ತಿತ್ತು. ಗಂಗಾ ಕೆಲಸಕ್ಕೆ ಹೋಗುತ್ತಿದ್ದದ್ದು ಅಲ್ಲಿಗೆ. ಒಲೆಯ ಮೇಲೆ ಕಬ್ಬಿಣದ ಹಂಚು, ಹಂಚಿನ ಮೇಲೆ ಹಸಿರು ಬೋರ್ಡು. ಕಾಯಿಸಿದರೆ ಬೆಸುಗೆ ಕರಗಿ ಬೆಳ್ಳಗೆ ಹನಿಯುತ್ತಿತ್ತು, ಆಗ ಚಿಮಟಿಗೆಯಿಂದ ಒಂದೊಂದೇ ಬಿಡಿಭಾಗ ಕೀಳಬೇಕು. ಸಂಜೆ ಮನೆಗೆ ಬಂದರೆ ಅವಳ ಕೂದಲಿಗೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಹಂಪಮ್ಮ ಮೂಗು ಮುರಿಯುತ್ತಿದ್ದಳು. ಮೂಗು ಮುರಿಯಲು ಅವಳಿಗೆ ಇಂಥದೇ ಕಾರಣ ಬೇಕೆಂದೇನೂ ಇರಲಿಲ್ಲ ಬಿಡಿ. ಸೊಸೆ ಮಾಡಿದ್ದೆಲ್ಲ ದುಂದು, ಅವಳ ಕೈ ತೂತಿನ ಕೈ ಎಂದು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು.

ತಾಯಿ ತಂದೆ ಇಬ್ಬರೂ ದುಡಿಯಲು ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಹಂಪಮ್ಮ ಮತ್ತು ಮೊಮ್ಮಗಳು ಗುರುದೇವಿ. ಐದು ತುಂಬಿದ ಹುಡುಗಿ. ಬಾಯಿ ಮುಚ್ಚುವುದೇ ಗೊತ್ತಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ. ಅಜ್ಜಿಯನ್ನು ಆಯಿ ಎಂದು ಕರೆಯುತ್ತ ದಿನವೆಲ್ಲ ಅವಳ ಸೆರಗು ಹಿಡಿದು ತಿರುಗುವಳು. ಹಂಪಮ್ಮ ಜಗತ್ತಿನ ಎಲ್ಲದರಲ್ಲೂ ಕೈ ಬಿಗಿ ಹಿಡಿದವಳು, ಈ ಕೂಸಿನ ಊಟದಲ್ಲಿ ಮಾತ್ರ ಸಡಿಲ. ಗುರುದೇವಿಗೆ ಪುಂಡಿಪಲ್ಯ ಎಂದರೆ ಪ್ರಾಣ. ಹುಳಿ ಹುಳಿ ಪುಂಡಿಸೊಪ್ಪು, ಜೋಳದ ನುಚ್ಚು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಸೊಪ್ಪು ಬಸ್ತಿಯ ಮೂಲೆಮೂಲೆಗೂ ಸಿಗುತ್ತಿತ್ತು, ಅಗ್ಗಕ್ಕೆ ಅಗ್ಗ. ಹೀಗಾಗಿ ಅಜ್ಜಿಗೆ ಪ್ರೀತಿಯೂ ಉಳಿತಾಯವೂ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು.

ಅಡ್ಡಿಯಿದ್ದದ್ದು ಒಂದೇ. ಬೋಗುಣಿಯ ಕಲಾಯಿ ಹೋಗಿತ್ತು. ಹಿತ್ತಾಳೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಬಿಡುತ್ತದೆ. ಅದಕ್ಕೇ ಒಳಗೆ ತವರದ ಲೇಪ ಹಾಕಿಸುವುದು, ಅದೇ ಕಲಾಯಿ. ಮೊದಲೆಲ್ಲ ಕಲಾಯಿಯವನು ಬೀದಿ ಬೀದಿ ಕೂಗುತ್ತ ಬರುತ್ತಿದ್ದ. ಈಗ ಮನೆಮನೆಗೂ ಸ್ಟೀಲು ಬಂದು ಅವನ ತಿದಿಗೆ ಕೆಲಸವಿಲ್ಲ. ಇದ್ದ ಒಬ್ಬ ಮುದಿ ಸಾಬರು ಮೆಹದಿಪಟ್ಟಣಂ ಕಡೆಯಿಂದ ಎಂದೋ ಒಮ್ಮೆ ಈ ಕಡೆ ಬರುವರು, ತವರದ ಬೆಲೆ ಕೇಳಿದರೆ ಹಂಪಮ್ಮನಿಗೆ ತಲೆ ತಿರುಗುವುದು. ಕಾಶಿನಾಥ ಸ್ಟೀಲಿನ ಪಾತ್ರೆಯೊಂದನ್ನು ತಂದುಕೊಟ್ಟ. ಅವಳು ಅದರಲ್ಲಿ ಹಿಟ್ಟು ತುಂಬಿಟ್ಟಳು.

ಒಂದು ಸಂಜೆ ಗಂಗಾ ಊಟಕ್ಕೆ ಕೂತಾಗ ಶೆಡ್ಡಿನ ಮಾತು ಹೇಳುತ್ತಿದ್ದಳು. ಕರಗಿದ ಬೆಸುಗೆಯನ್ನು ಮಾಲಕ ಡಬ್ಬದಲ್ಲಿ ಹಿಡಿಯುತ್ತಾನೆ, ಆದರೆ ನೆಲಕ್ಕೆ ಸಿಡಿದು ಗಟ್ಟಿಯಾದ ಹನಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಸದ ಜೊತೆ ಗುಡಿಸಿ ಚೆಲ್ಲುತ್ತಾರೆ ಎಂದಳು. ಹಂಪಮ್ಮನ ಕಿವಿ ನೆಟ್ಟಗಾಯಿತು.

“ಬೆಳ್ಳಗ ಇರ್ತಾವೇನು?”

“ಬೆಳ್ಳಿ ಹಂಗ ಹೊಳೀತಾವ್ರಿ ಅತ್ತಿ.”

“ಉಗುರಿನಿಂದ ಒತ್ತಿದ್ರ ಮೆತ್ತಗ ಆಕ್ಕಾವ?”

“ಆಕ್ಕಾವ್ರಿ.”

“ಮತ್ತ ಅದು ತವರ ಅಲ್ದ ಏನವ್ವ! ತವರ ಚೆಲ್ಲಾಕತ್ತಾರಂತ, ಹುಚ್ಚು ಮಂದಿ. ನಾಳಿಂದ ಆರಿಸ್ಕೊಂಡು ಬಾ.”

ಗಂಗಾ ದಿನವೂ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಬಂದಳು. ಹನಿ ಹನಿ ಕೂಡಿ ಒಂದು ಹಿಡಿಯಾಯಿತು. ಹಂಪಮ್ಮ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, “ಇವತ್ತು ಸಂಸಾರಸ್ಥಿ ಆದಿ ನೋಡು ಗಂಗಾ,” ಎಂದಳು. ಮದುವೆಯಾಗಿ ಬಂದಮೇಲೆ ಅತ್ತೆಯ ಬಾಯಲ್ಲಿ ಗಂಗಾ ಕೇಳಿದ ಮೊದಲ ಒಳ್ಳೆಯ ಮಾತು ಅದು. ಆ ಸಂಜೆ ಅವಳು ಒಂದು ರೊಟ್ಟಿ ಹೆಚ್ಚಿಗೆ ತಿಂದಳು.

ಸಾಬರು ಬಂದ ದಿನ ಬೇವಿನ ಮರದ ಬುಡದಲ್ಲಿ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿದರು. ಬೋಗುಣಿ ಕಾದ ಮೇಲೆ ನವಸಾಗರದ ಪುಡಿ ಹಾಕಿ ಅರಳೆಯಿಂದ ಉಜ್ಜಿದರೆ ಬೆಳ್ಳನೆಯ ಹೊಗೆ. ಗುರುದೇವಿ ಕೆಮ್ಮುತ್ತ ಚಪ್ಪಾಳೆ ತಟ್ಟಿದಳು. ಹಂಪಮ್ಮ ಕೊಟ್ಟ ಹನಿಗಳನ್ನು ಸಾಬರು ಬಿಸಿ ತಳಕ್ಕೆ ಬಿಟ್ಟು ಅರಳೆಯನ್ನು ಒಂದು ಸುತ್ತು ತಿರುಗಿಸಿದರು. ಕರಿಯ ಬೋಗುಣಿಯ ಒಳಗೆ ಹುಣ್ಣಿಮೆ ಬೆಳಕು ಬಿದ್ದಂತಾಯಿತು. “ಮಾಲು ನಿಮ್ಮದು, ಮಜೂರಿ ಮಾತ್ರ ನನ್ನದು ಅಮ್ಮಾ,” ಎಂದು ಅವರು ಕೂಲಿ ಇಸಿದುಕೊಂಡು ಹೋದರು.

ಇಲ್ಲಿ ಬಸಲಿಂಗಮ್ಮನ ಒಂದು ಪದ್ಧತಿ ಹೇಳಲೇಬೇಕು. ಹೊಸ ಕಲಾಯಿ ಆದ ಪಾತ್ರೆಯನ್ನು ಅವಳು ಬಿಳಿ ಅರಿವೆಯಿಂದ ಒಳಗೆಲ್ಲ ಒತ್ತಿ ಒರೆಸದೆ ಒಲೆಗೆ ಏರಿಸುತ್ತಿರಲಿಲ್ಲ. ಅರಿವೆ ಬೆಳ್ಳಗೇ ಉಳಿದರೆ ಸರಿ. ಒರೆಸಿದಷ್ಟೂ ಕಪ್ಪು ಬಂದರೆ ಕಲಾಯಿಯವನನ್ನು ಓಣಿಯ ತುದಿಯಿಂದ ಹಿಂದಕ್ಕೆ ಕರೆಸಿ, ಎಲ್ಲ ಕೆರೆಸಿ, ಹೊಸ ತವರಕ್ಕೆ ತಾನೇ ಬೇರೆ ದುಡ್ಡು ಕೊಟ್ಟು ಮತ್ತೆ ಹಾಕಿಸುತ್ತಿದ್ದಳು. “ಕರ್ರಗ ಬಂತಂದ್ರ ಸೀಸ ಬೆರಸ್ಯಾನ ಅಂತ ತಿಳ್ಕೊ. ಎಲ್ಲಾದ್ರಾಗೂ ಉಳಸು, ಇದರಾಗ ಉಳಸಬ್ಯಾಡ,” ಎಂದು ಎಳೆಯ ಸೊಸೆ ಹಂಪಮ್ಮನಿಗೆ ಹೇಳಿದ್ದಳು. ಬೂದಿಯಲ್ಲಿ ಕೆಂಡ ಹೂತಿಟ್ಟು ಬದುಕಿದ ಹೆಂಗಸು ಹೇಳಿದ ಮಾತು ಇದು.

ಹಂಪಮ್ಮ ಮರೆತಿರಲಿಲ್ಲ. ಗುರುದೇವಿಯ ಹಳೆಯ ಬಿಳಿ ಅಂಗಿಯ ತುಂಡೊಂದನ್ನು ತಂದು ಒರೆಸಿದಳು. ಕಪ್ಪು ಬಂತು. ಇದ್ದಿಲಿನ ಮಸಿ ಇರಬೇಕು ಎಂದುಕೊಂಡು ನೀರು ಹಾಕಿ ತೊಳೆದು ಇನ್ನೊಮ್ಮೆ ಒರೆಸಿದಳು. ಮತ್ತೆ ಕಪ್ಪು ಬಂತು. ಸುಟ್ಟ ಬೋರ್ಡಿನ ಕಿಟ್ಟ ಅಂಟಿರಬೇಕು ಎಂದುಕೊಂಡಳು. ಮೂರನೆಯ ಸಲ ಒರೆಸಲಿಲ್ಲ. ಖರ್ಚಿಲ್ಲದ ನಿಯಮಗಳನ್ನೆಲ್ಲ ಜೀವಮಾನವಿಡೀ ಪಾಲಿಸಿದವಳು, ಖರ್ಚಾಗುವ ಒಂದೇ ಒಂದನ್ನು ಬಿಟ್ಟಳು. ಕಪ್ಪಾದ ತುಂಡನ್ನು ಒಗೆದರೂ ಕಲೆ ಹೋಗದ್ದರಿಂದ ಕೂಸು ಮಲಗುವ ಕೌದಿಯ ಅಡಿಬದಿಗೆ ಹೊಲಿದುಬಿಟ್ಟಳು.

ಆಮೇಲೆ ಬೋಗುಣಿಗೆ ಬಿಡುವೇ ಇರಲಿಲ್ಲ. ಇವತ್ತು ಪುಂಡಿಪಲ್ಯ, ನಾಳೆ ಹುಣಸೆಹುಳಿಯ ಸಾರು, ನಾಡಿದ್ದು ಉಳಿದ ಪಲ್ಯವೇ. ಮಗ ಸೊಸೆ ಮಧ್ಯಾಹ್ನ ಹೊರಗೆ ಉಣ್ಣುವರು. ರಾತ್ರಿ ದಣಿದು ಬಂದು ಎರಡು ತುತ್ತು ನುಂಗಿ ಮಲಗುವರು. ಮೂರು ಹೊತ್ತೂ ಬೋಗುಣಿಯ ಅಡುಗೆ ಉಂಡವರು ಅಜ್ಜಿ ಮೊಮ್ಮಗಳು ಇಬ್ಬರೇ. ತಳಕ್ಕೆ ಹಿಡಿದದ್ದನ್ನು ಹಂಪಮ್ಮ ಸವಟಿನಿಂದ ಕೆರಕೆರ ಕೆರೆದು ಕೂಸಿನ ಬಾಯಿಗೆ ಇಡುತ್ತಿದ್ದಳು. ರುಚಿಯೆಲ್ಲ ತಳದಲ್ಲೇ ಇರುವುದು ಎಂಬುದು ಅವಳ ಸಿದ್ಧಾಂತ.

ಮಳೆ ಹಿಡಿಯುವ ಹೊತ್ತಿಗೆ ಗುರುದೇವಿಗೆ ಹೊಟ್ಟೆನೋವು ಸುರುವಾಯಿತು. ಹೊಕ್ಕಳ ಸುತ್ತ ಹಿಡಿದುಕೊಂಡು ಮುದ್ದೆಯಾಗಿ ಮಲಗುವಳು. ಜಂತುಹುಳು ಎಂದು ಹಂಪಮ್ಮ ಬೇವು ಅರೆದು ಕುಡಿಸಿದಳು. ಹುಡುಗಿಯ ಮುಖ ಬಿಳಿಚಿತು. ರಕ್ತ ಕಮ್ಮಿಯಾಗಿದೆ, ಪುಂಡಿಸೊಪ್ಪು ರಕ್ತಕ್ಕೆ ಒಳ್ಳೆಯದು ಎಂದು ಇನ್ನಷ್ಟು ತಿನ್ನಿಸಿದಳು. ಊಟ ಸೇರದಾಯಿತು, ಬಾಯಿ ರುಚಿಗೆಂದು ಇನ್ನಷ್ಟು ಹುಳಿ ಹಿಂಡಿದಳು. ದಿನವಿಡೀ ವಟಗುಟ್ಟುತ್ತಿದ್ದ ಕೂಸು ಸುಮ್ಮನಾಗತೊಡಗಿತು. ಮೊದಲು ಹಿಂದಿ ಹೋಯಿತು, ಆಮೇಲೆ ತೆಲುಗು. ಕರೆದರೆ ತುಸು ಹೊತ್ತು ಬಿಟ್ಟು ತಿರುಗುವಳು. ಹಂಪಮ್ಮನಿಗೂ ಹೊಟ್ಟೆ ಹಿಂಡುತ್ತಿತ್ತು, ಮುಂಗೈ ಸೋತು ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ತನ್ನ ನೋವಿಗೆ ಔಷಧಿ ತರಿಸುವುದು ದುಂದು ಎಂದು ಅವಳು ಯಾರಿಗೂ ಹೇಳಲಿಲ್ಲ.

ಕಾಶಿನಾಥ ಒಂದು ದಿನ ಕೆಲಸ ಬಿಟ್ಟು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಸರ್ಕಾರಿ ದವಾಖಾನೆಗೆ ಹೊರಟ. ಜೊತೆಗೆ ಹೆಂಡತಿ, ತಾಯಿ. ರಕ್ತ ತೆಗೆದರು, ಕೂಸನ್ನು ವಾರ್ಡಿನಲ್ಲೇ ಮಲಗಿಸಿಕೊಂಡರು. ಕೆಲವು ದಿನ ಬಿಟ್ಟು ಬಂದ ರಿಪೋರ್ಟು ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿ, ಹುಡುಗಿಯ ರಕ್ತದಲ್ಲಿ ಸೀಸ ಸೇರಿದೆ, ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು.

ಸೀಸ ಎಂಬ ಮಾತು ಕಿವಿಗೆ ಬಿದ್ದಾಗ ಹಂಪಮ್ಮನ ಎದೆಯೊಳಗೆ ಏನೋ ಸಣ್ಣಗೆ ಮಿಸುಕಿತು. ಆದರೆ ಅಷ್ಟರಲ್ಲಿ ಗಂಗಾ ತನ್ನ ಶೆಡ್ಡಿನ ಕೆಲಸ ಹೇಳಿಯಾಗಿತ್ತು, ಡಾಕ್ಟರು ಅದೇ ಅದೇ ಎಂದು ತಲೆಯಾಡಿಸಿಯೂ ಆಗಿತ್ತು. ಆ ಹೊಗೆ, ಆ ಧೂಳು ಬಟ್ಟೆಗೆ, ಕೂದಲಿಗೆ ಹತ್ತಿ ಮನೆಗೆ ಬರುತ್ತದೆ. ತಾಯಿ ಎತ್ತಿಕೊಂಡರೆ ಕೂಸಿಗೆ ಹತ್ತುತ್ತದೆ. ಆ ಕೆಲಸ ಬಿಡುವ ತನಕ ಈಕೆ ಕೂಸಿನ ಹತ್ತಿರ ಸುಳಿಯಬಾರದು. ಹಂಪಮ್ಮನ ಎದೆಯಲ್ಲಿ ಮಿಸುಕಿದ್ದು ಸುಮ್ಮನಾಯಿತು. ಸೊಸೆಯ ತಪ್ಪು ಎಂದರೆ ಅವಳಿಗೆ ಅರ್ಥವಾಗುವ ಸಂಗತಿ.

“ನಾ ಮೊದಲ ಹೇಳಿದ್ನಿಲ್ಲೋ ಕಾಶಿ, ಅದು ಹೊಲಸು ಕೆಲಸ ಅಂತ? ಕೂಸಿನ್ನ ತಿಂದ್ಳು ನೋಡು,” ಎಂದಳು.

ಗಂಗಾ ಎರಡು ಹೆಜ್ಜೆ ಹಿಂದೆ ಸರಿದು ಸೆರಗನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡಳು. ತಾನು ತಂದುಕೊಟ್ಟ ಹನಿಗಳ ನೆನಪು ಅವಳಿಗೆ ಬರಲಿಲ್ಲವೇ ಎಂದು ಕೇಳಬಹುದು. ಅತ್ತೆ ಅದನ್ನು ತವರ ಎಂದಿದ್ದಳು; ಪಾತ್ರೆಪಗಡೆಯ ವಿಷಯದಲ್ಲಿ ಅತ್ತೆಯ ಮಾತು ತಪ್ಪಾಗಬಹುದೆಂದು ಆ ಹುಡುಗಿ ಕನಸಿನಲ್ಲೂ ಎಣಿಸಿರಲಿಲ್ಲ. ದವಾಖಾನೆಯಿಂದ ಮನೆಗೆ ಬಂದವಳು ಗಂಟು ಕಟ್ಟಿಕೊಂಡು, ಎರಡು ಓಣಿ ಆಚೆ ಇದ್ದ ತಂಗಿಯ ಮನೆಗೆ ಹೋದಳು. ಶೆಡ್ಡಿನ ಕೆಲಸ ಮರುದಿನವೇ ಬಿಟ್ಟಳು. ಬಿಟ್ಟರೂ ಮೈಯಲ್ಲಿ ಸೇರಿದ ಧೂಳು ಹೋಗಲು ದಿನ ಬೇಕು ಎಂದು ಹಂಪಮ್ಮ ಒಳಗೆ ಬಿಟ್ಟುಕೊಳ್ಳಲಿಲ್ಲ.

ದವಾಖಾನೆಯಲ್ಲಿ ಇದ್ದಷ್ಟು ದಿನ ಗುರುದೇವಿ ಚೇತರಿಸಿಕೊಂಡಳು. ಬ್ರೆಡ್ಡು, ಹಾಲು, ಸಪ್ಪೆ ಅನ್ನ. ಮನೆಗೆ ಬರುವ ದಿನ ಆಟೋದಲ್ಲಿ ಒಂದು ತೆಲುಗು ಹಾಡು ಗುನುಗಿದಳು. ಕಾಶಿನಾಥ ಅತ್ತುಬಿಟ್ಟ. ಹಂಪಮ್ಮ ದೃಷ್ಟಿ ಹೋಗಲೆಂದು ಕೂಸಿನ ನೆಟಿಗೆ ತೆಗೆದು, “ಏನು ಬೇಕವ್ವ ನಿನಗ?” ಎಂದಳು.

“ಪುಂಡಿಪಲ್ಯ, ಆಯಿ.”

ಗಂಗಾ ದಿನವೂ ತಲೆಗೆ ಮೈಗೆ ಸೀಗೆಕಾಯಿ ತಿಕ್ಕಿ ಮಿಂದು, ಒಗೆದ ಸೀರೆ ಉಟ್ಟು, ಬಾಗಿಲಾಚೆ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು. ಕೂಸು ಓಡಿ ಬಂದರೆ ಸೆರಗು ಹಿಂದಕ್ಕೆ ಎಳೆದುಕೊಳ್ಳುವಳು. ಒಂದು ದಿನ ಕೂಸು ಓಡಿ ಬರಲಿಲ್ಲ, ನಡೆದು ಬಂತು. ಇನ್ನೊಂದು ದಿನ ಹೊಸ್ತಿಲ ತನಕ ಬಂದು ಕಾಲು ಮಡಚಿ ಕೂತುಬಿಟ್ಟಿತು.

“ಅತ್ತಿ, ದವಾಖಾನ್ಯಾಗ ಚಲೋ ಆಗಿದ್ಳಲ್ರಿ. ನಾ ಅಂತೂ ಒಳಗ ಬಂದಿಲ್ಲ. ಮತ್ಯಾಕ ಹಿಂಗ ಆಗಾಕತ್ತಾಳ?”

“ಬಾಗಲದಾಗ ಕುಂತು ಉಸುರು ಬಿಡ್ತೀಯಲ್ಲ, ಅದ ಸಾಕು,” ಎಂದಳು ಹಂಪಮ್ಮ. ಗಂಗಾ ಮಾರನೆಯ ದಿನದಿಂದ ಓಣಿಯ ತಿರುವಿನಲ್ಲಿ ನಿಂತು ನೋಡತೊಡಗಿದಳು.

ಒಂದು ಮಧ್ಯಾಹ್ನ ಹಂಪಮ್ಮ ಬಚ್ಚಲ ಕಲ್ಲಿನ ಮೇಲೆ ಕೂತು ಬೋಗುಣಿ ಬೆಳಗುತ್ತಿದ್ದಳು. ಬೂದಿ, ಹುಣಸೆಯ ಸಿಪ್ಪೆ. ಕೈ ಸೋತಿದ್ದರಿಂದ ತಿಕ್ಕುವುದು ನಿಧಾನವಾಗಿತ್ತು. ನಿಧಾನವಾದ್ದರಿಂದ ಕಣ್ಣಿಗೆ ಬಿತ್ತು. ಬೋಗುಣಿಯ ತಳ ಹಳದಿಯಾಗಿತ್ತು. ಹುಣ್ಣಿಮೆಯಂತೆ ಹೊಳೆದಿದ್ದ ಕಲಾಯಿ ತಳದಲ್ಲಿ ಪೂರ್ತಿ ಹೋಗಿ, ಪಕ್ಕಗಳಲ್ಲಿ ಅಲ್ಲಲ್ಲಿ ತೇಪೆಯ ಹಾಗೆ ಉಳಿದಿತ್ತು. ಬಸಲಿಂಗಮ್ಮನ ಕಾಲದಲ್ಲಿ ಒಂದು ದಸರೆಗೆ ಹಾಕಿಸಿದ ಕಲಾಯಿ ಇನ್ನೊಂದು ದಸರೆಗೂ ಬರುತ್ತಿತ್ತು. ಇದು ಬೇಸಿಗೆಯಲ್ಲಿ ಹಾಕಿಸಿದ್ದು, ಇನ್ನೂ ಮಳೆಗಾಲ ಮುಗಿದಿಲ್ಲ.

ಎಲ್ಲಿ ಹೋಯಿತು ಅದು?

ಬೇರೆ ಯಾರಾದರೂ ಆಗಿದ್ದರೆ ಸವೆಯಿತು ಎಂದು ಎದ್ದುಹೋಗುತ್ತಿದ್ದರು. ಹಂಪಮ್ಮನ ಮನೆಯಲ್ಲಿ ಯಾವುದೂ ಸುಮ್ಮನೆ ಸವೆಯುವ ಹಾಗಿಲ್ಲ, ಹೋದದ್ದು ಎಲ್ಲಿಗೋ ಹೋಗಿರಲೇಬೇಕು. ಸೀರೆ ಹೋದರೆ ಕೌದಿಗೆ, ಎಣ್ಣೆ ಹೋದರೆ ಹಿಟ್ಟಿಗೆ. ಒಂದು ಹಿಡಿ ತವರ ಈ ಬೋಗುಣಿಯಿಂದ ಎದ್ದು ಎಲ್ಲಿಗೆ ಹೋಯಿತು? ಅವಳಿಗೆ ಸವಟಿನ ಕೆರಕೆರ ಸದ್ದು ಕೇಳಿಸಿತು. ತಳ ಕೆರೆದು ಕೆರೆದು ಕೂಸಿನ ಬಾಯಿಗೆ ಇಟ್ಟದ್ದು ಕಣ್ಣಿಗೆ ಕಟ್ಟಿತು.  ಬೂದಿಗೈಯಲ್ಲೇ ಒಳಗೆ ಓಡಿದಳು.

ಗುರುದೇವಿ ಕೌದಿಯ ಮೇಲೆ ಕೈಕಾಲು ಸೆಟೆದು ಅದುರುತ್ತಿದ್ದಳು. ಬಾಯಲ್ಲಿ ನೊರೆ. ಒದೆದಾಟಕ್ಕೆ ಕೌದಿ ಮಗುಚಿ ಅಡಿಬದಿ ಮೇಲಾಗಿತ್ತು. ಅಲ್ಲಿ ಆ ಕಪ್ಪು ತುಂಡು, ಹಂಪಮ್ಮನ ಕೈಯ ಹೊಲಿಗೆ. ಅವಳು ಹಾಕಿದ ಕೂಗಿಗೆ ಪಕ್ಕದ ಮನೆಯ ಉಮಾಬಾಯಿ ಬಂದಳು, ಓಣಿಯ ತಿರುವಿನಿಂದ ಗಂಗಾ ಓಡಿ ಬಂದಳು. ಈ ಸಲ ಯಾರೂ ಅವಳನ್ನು ತಡೆಯಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ಅವಳೇ ಆಟೋ ಹತ್ತಿದಳು.

ದವಾಖಾನೆಯಲ್ಲಿ ಡಾಕ್ಟರು ಕೇಳಿದರು: ತಾಯಿ ಮತ್ತೆ ಮನೆಗೆ ಬಂದಿದ್ದಳೇ? ಬೇರೆ ಏನಾದರೂ ತಿಂದಿದೆಯೇ, ಕುಡಿದಿದೆಯೇ, ನೆನಪು ಮಾಡಿಕೊಂಡು ಹೇಳಿ. ಕಾಶಿನಾಥ ತಾಯಿಯ ಮುಖ ನೋಡಿದ. ಹಂಪಮ್ಮ ಬಾಯಿ ತೆರೆದಳು.  “ದಿನಾ ಉಣ್ಣೂದ ಉಂಡೈತ್ರಿ,” ಎಂದಳು. ಸುಳ್ಳಲ್ಲ. ದೇವರ ಮುಂದೆ ನಿಂತು ಹೇಳಿದರೂ ಅದು ಸುಳ್ಳಲ್ಲ.

ಸಂಜೆಯ ಹೊತ್ತಿಗೆ ಗುರುದೇವಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಕಾಶಿನಾಥ ಹೆಂಡತಿಯ ಮೇಲೆ ಕೈ ಎತ್ತಲಿಲ್ಲ; ಎತ್ತಿದ್ದರೇ ಮೇಲಿತ್ತು. ಕೂತ ಮಂದಿಯ ನಡುವೆ, “ಇಕಿ ಮೈಯಾನ ಧೂಳು ನನ್ನ ಕೂಸಿನ್ನ ತಿಂತು,” ಎಂದ. ಮಂದಿ ಗಂಗಾಳ ಕಡೆ ನೋಡಿದರು. ಅವಳು ತನ್ನ ಎರಡೂ ಅಂಗೈಗಳನ್ನು ನೋಡುತ್ತ ಕೂತಿದ್ದಳು. ಹಂಪಮ್ಮ ನಾಳೆ ಹೇಳಬೇಕು ಎಂದುಕೊಂಡಳು. ನಾಳೆ ಬಂದಾಗ ಎಲ್ಲ ಮುಗಿದ ಮೇಲೆ ಹೇಳಬೇಕು ಎಂದುಕೊಂಡಳು. ಹೇಳಿದರೆ ಕೂಸು ಎದ್ದು ಬರುತ್ತದೆಯೇ ಎಂದೂ ಅಂದುಕೊಂಡಳು. ಮಾತಿನಲ್ಲೂ ಉಳಿತಾಯ ಮಾಡುವುದನ್ನು ಮನುಷ್ಯ ಎಷ್ಟು ಬೇಗ ಕಲಿಯುತ್ತಾನೆ!

ಮೂರನೆಯ ದಿನ ಮಣ್ಣಿಗೆ ಹಾಲು ಎರೆದು, ಹೋದವರಿಗೆ ಪ್ರೀತಿಯಾದ ಅಡುಗೆಯನ್ನು ಎಡೆ ಇಟ್ಟು, ಉಳಿದದ್ದನ್ನು ನಾಲ್ಕು ಜನಕ್ಕೆ ಉಣ್ಣಿಸುವ ರೂಢಿ. ಕೂಸು ಹೋದರೆ ಆ ವಯಸ್ಸಿನ ಕೂಸುಗಳಿಗೆ ಉಣ್ಣಿಸುತ್ತಾರೆ. ಹಂಪಮ್ಮ ಎರಡು ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮುದುಕಿಗೆ ಸಂಕಟ, ಏಳಿಸುವುದು ಬೇಡ ಎಂದು ಉಮಾಬಾಯಿಯೇ ಅಡುಗೆಗೆ ನಿಂತಳು. ಹೊಸ್ತಿಲಾಚೆ ಕೂತಿದ್ದ ಗಂಗಾಳ ಮುಂದೆ ಪುಂಡಿಸೊಪ್ಪಿನ ಕಟ್ಟುಗಳನ್ನು ಹಾಕಿ, “ನೀ ಬಿಡಿಸಿ ಕೊಡವ್ವ, ಅಡಿಗಿಗೆ ಕೈ ಹಚ್ಚಬ್ಯಾಡ,” ಎಂದಳು. ತಾಯಿ ಎಲೆ ಎಲೆಯಾಗಿ ಬಿಡಿಸಿ ಕೊಟ್ಟಳು.

ಹಂಪಮ್ಮನಿಗೆ ಸೊಪ್ಪು ಬೇಯುವ ಹುಳಿ ವಾಸನೆ ಬಂತು. ಬೆಳ್ಳುಳ್ಳಿ ಒಗ್ಗರಣೆ ಸಿಡಿಯಿತು. ಪುಟ್ಟ ಕಾಲುಗಳ ಸಪ್ಪಳ, ತಟ್ಟೆಗಳ ಸದ್ದು. ಅವಳು ಮಗ್ಗುಲು ಬದಲಿಸಿ ನೋಡಿದಳು. ಬಸ್ತಿಯ ಮಕ್ಕಳು ಸಾಲಾಗಿ ಕೂತಿದ್ದವು, ಕೆಲವು ಗುರುದೇವಿಯ ಜೊತೆ ಆಡಿದವು. ಉಮಾಬಾಯಿ ಸೆರಗಿನಿಂದ ಕಂಠ ಹಿಡಿದು ಒಲೆಯಿಂದ ಇಳಿಸುತ್ತಿದ್ದದ್ದು ಬಸಲಿಂಗಮ್ಮನ ಬೋಗುಣಿ.

“ಸ್ಟೀಲಿನ್ಯಾಗ ಮಾಡೂಣಂದ್ರು. ನಾನ ಬ್ಯಾಡಂದೆ,” ಎಂದು ಉಮಾಬಾಯಿ ಕಣ್ಣೊರೆಸಿಕೊಂಡಳು. “ಕೂಸಿಗೆ ಇದರಾಗಿಂದ ಬೇಕಿತ್ತಲ್ಲ.” ಅವಳು ಸವಟು ಹಾಕಿ ತಳದಿಂದ ಕೆರೆದಳು.

ಹಂಪಮ್ಮ ಯಾವಾಗ ಎದ್ದಳೋ ಅವಳಿಗೇ ತಿಳಿಯದು. ಎರಡೂ ಮುಂಗೈಯಿಂದ ಬೋಗುಣಿಯನ್ನು ತಳ್ಳಿದಳು. ಬಿಸಿ ಪಲ್ಯ ನೆಲದ ಮೇಲೆಲ್ಲ ಚೆಲ್ಲಿತು. ಆ ಮನೆಯಲ್ಲಿ ಅಷ್ಟು ಅನ್ನ ಚೆಲ್ಲಿದ್ದು ಅದೇ ಮೊದಲು. ಮಕ್ಕಳು ಅಳುತ್ತ ಎದ್ದವು.

“ತಿನ್ನಬ್ಯಾಡ್ರಿ! ಯಾರೂ ತಿನ್ನಬ್ಯಾಡ್ರಿ! ಇದರಾಗ ಸೀಸ ಐತಿ. ಇದ ಕೊಂದದ್ದು. ಗಂಗಾನ ಧೂಳಲ್ಲ, ಇದು. ನಾ ಕೊಂದೆ.”

ಕಾಶಿನಾಥ ಅಳುವ ಮಕ್ಕಳನ್ನು ಪಲ್ಯದಿಂದ ಆಚೆ ಸರಿಸಿದ. ಗಂಗಾ ಹೊಸ್ತಿಲು ದಾಟಿ ಒಳಗೆ ಬಂದಳು. ಬಹಳ ದಿನದ ಮೇಲೆ ಆ ಮನೆಯೊಳಗೆ ಅವಳು ಕಾಲಿಟ್ಟದ್ದು.

“ಆ ಹನಿ... ನಾನ ತಂದುಕೊಟ್ಟೆನಲ್ರಿ ಅತ್ತಿ.”

“ನಾ ಕೇಳಿದ್ದಕ್ಕ ತಂದಿ. ನಿನಗೇನು ಗೊತ್ತಿತ್ತು.”

“ನಿಮಗ ಗೊತ್ತಿತ್ತೇನ್ರಿ?”

ಹಂಪಮ್ಮ ನೆಲದಲ್ಲಿ ಕೂತಳು. ಎಲ್ಲ ಹೇಳಿದಳು. ಬಿಳಿ ಅರಿವೆ, ಒಂದು ಸಲ ಒರೆಸಿದ್ದು, ಎರಡನೆಯ ಸಲ ಒರೆಸಿದ್ದು, ಮೂರನೆಯ ಸಲ ಒರೆಸದೆ ಬಿಟ್ಟದ್ದು.

“ಕರ್ರಗಾದದ್ದು ನೋಡಿದ್ರಿ?”

“ನೋಡಿದೆ.”

“ನೋಡಿ ಅದರಾಗ ಮಾಡಿದ್ರಿ.”

“ಮಸಿ ಅಂದ್ಕೊಂಡೆ ಗಂಗಾ. ಪುಕ್ಕಟ ಸಿಕ್ಕಿತ್ತು... ಮಸಿ ಅಂದ್ಕೊಂಡೆ.”

“ಡಾಕ್ಟರು ಸೀಸ ಅಂದಾಗ?”

  ಗಂಗಾ ಮೂಲೆಯಲ್ಲಿ ಗಂಡ ಇಟ್ಟಿದ್ದ ಕೆಲಸದ ಚೀಲದಿಂದ ಉಳಿ, ಸುತ್ತಿಗೆ ತೆಗೆದುಕೊಂಡಳು. ಕಾಶಿನಾಥ ಬೆಚ್ಚಿ ಒಂದು ಹೆಜ್ಜೆ ಮುಂದೆ ಬಂದ. ಅವಳು ಅವನ ಕಡೆ ನೋಡಲೂ ಇಲ್ಲ. ಬೋಗುಣಿಯನ್ನು ಬಚ್ಚಲ ಕಲ್ಲಿನ ಮೇಲೆ ಬೋರಲು ಹಾಕಿ, ತಳಕ್ಕೆ ಉಳಿ ಇಟ್ಟು ಹೊಡೆದಳು. ನಿಜಾಮನ ಕಾಲದ ಹಿತ್ತಾಳೆ ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಅವಳು ಹೊಡೆಯುತ್ತಲೇ ಇದ್ದಳು. ಒಂದು ತೂತು ಬಿತ್ತು, ಅದರ ಪಕ್ಕಕ್ಕೆ ಇನ್ನೊಂದು. ಇನ್ನು ಯಾವ ಬಡವರ ಮನೆಯ ಒಲೆಗೂ ಅದು ಏರಲಾಗದಷ್ಟು ತೂತು ಬೀಳುವ ತನಕ ಹೊಡೆದಳು. ಮಕ್ಕಳ ತಾಯಂದಿರು ಬಾಗಿಲಲ್ಲಿ ಗುಂಪುಗೂಡಿದ್ದರು.

ಉಮಾಬಾಯಿ ಮೆಲ್ಲಗೆ, “ತಿಪ್ಪಿಗೆ ಒಗದು ಬರ್ತೀನಿ, ಕೊಡವ್ವ,” ಎಂದು ಕೈ ಚಾಚಿದಳು.

“ಬ್ಯಾಡ್ರಿ,” ಎಂದಳು ಗಂಗಾ. ಬೋಗುಣಿಯನ್ನು ತಂದು ಅತ್ತೆಯ ಮುಂದೆ ಹಿಡಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. “ನಮ್ಮ ಮನ್ಯಾಗ ಏನೂ ಒಗ್ಯಾಂಗಿಲ್ಲಲ್ರಿ ಅತ್ತಿ. ಇಟ್ಕೋರಿ.”

ಹಂಪಮ್ಮ ಎರಡೂ ಕೈ ಚಾಚಿದಳು. ಸೋತ ಮುಂಗೈಗಳು ಭಾರ ತಡೆಯಲಿಲ್ಲ, ಬೋಗುಣಿ ಅವಳ ಮಡಿಲಿಗೆ ಬಿತ್ತು. ಗಂಗಾ ಮೂಲೆಯಲ್ಲಿದ್ದ ಕೂಸಿನ ಕೌದಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಚೆಲ್ಲಿದ ಪಲ್ಯವನ್ನು ದಾಟಿ ಹೊರಗೆ ಹೋದಳು.